ದಿಂಡಿಗಲ್ಲಿನ ಬೀಗ, ಡಿಸ್ಕಿನ ಬೀಗ

ದಿಂಡಿಗಲ್ಲು ಬೀಗಗಳ ಊರು. ಅಲ್ಲಿನ ಕುಶಲಕರ್ಮಿಗಳು ಕೈಯಿಂದ ಮಾಡುವ ಬೀಗಕ್ಕೆ 2019ರಲ್ಲಿ ಜಿ.ಐ. ಮಾನ್ಯತೆಯೂ ದೊರೆತಿದೆ. ಬೀಗ ಮಾಡಿದವನು ಅದಕ್ಕೊಪ್ಪುವ ಕೀಲಿಯನ್ನೂ ಮಾಡಿ ಕೊಂಡವನ ಕೈಗೆ ಕೊಡುತ್ತಾನೆ. ವ್ಯಾಪಾರದ ನ್ಯಾಯ ಅದು. ಆದರೆ ಕಳೆದ ಮೂರು ದಶಕಗಳಲ್ಲಿ ಜಗತ್ತಿನ ಮಾರುಕಟ್ಟೆಗೆ ಬಂದ ಇನ್ನೊಂದು ಬೀಗವಿದೆ. ಅದನ್ನು ಹಾಕಿದವರು ಕೀಲಿಯನ್ನು ಕೊಂಡವನಿಗೆ ಕೊಡುವುದಿಲ್ಲ. ಚಲನಚಿತ್ರದ ಡಿಸ್ಕಿನೊಳಗೆ ಅಡಗಿರುವ ವಲಯಸಂಕೇತವೆಂಬ ಬೀಗ ಅದು. ಡಿವಿಡಿಯ ಲೆಕ್ಕದಲ್ಲಿ ಅಮೆರಿಕ ಒಂದನೆಯ ವಲಯ, ಪಶ್ಚಿಮ ಯೂರೋಪು ಎರಡನೆಯದು, ಭಾರತ ಐದನೆಯದು. ಬ್ಲೂ-ರೇ ಬಂದಾಗ ಅಂಕಿಗಳ ಬದಲು ಅಕ್ಷರಗಳು ಬಂದವು: ಅಮೆರಿಕ ಎ, ಯೂರೋಪು ಬಿ, ಭಾರತ ಸಿ. ಪ್ಯಾರಿಸಿನಲ್ಲಿ ಹಣ ಕೊಟ್ಟು ಕೊಂಡ ಡಿಸ್ಕು ಇಲ್ಲಿನ ಯಂತ್ರದಲ್ಲಿ ಓಡದೆ ಹೋದರೆ ದೋಷ ಯಂತ್ರದ್ದಲ್ಲ, ಡಿಸ್ಕಿನದೂ ಅಲ್ಲ. ಅದು ಬೇಕೆಂದೇ ಹಾಕಿದ ಬೀಗ.

ಈ ಬೀಗದ ಮಾತು ಕನ್ನಡ ವಿಭಾಗದ ವಾರ್ತಾಪತ್ರಿಕೆಯಲ್ಲಿ ಏಕೆ ಎಂಬ ಪ್ರಶ್ನೆ ಸಹಜ. ಯೂರೋಪಿನ ಮನೋವೈಜ್ಞಾನಿಕ ಥ್ರಿಲ್ಲರ್ ಚಿತ್ರಗಳು ಮನೆಯ ಪರದೆಗೆ ಬಂದ ಬಗೆಯನ್ನು ನೋಡಿದರೆ ಉತ್ತರ ದೊರೆಯುತ್ತದೆ. ಅಲ್ಲಿ ಒಂದು ಚಿತ್ರ ಥಿಯೇಟರಿನಲ್ಲಿ ಸೋತರೂ ಸಾಯುವುದಿಲ್ಲ. ಇಲ್ಲಿ ಒಂದು ಚಿತ್ರ ಥಿಯೇಟರಿನಲ್ಲಿ ಗೆದ್ದರೂ ಉಳಿಯುತ್ತದೆಂಬ ಭರವಸೆಯಿಲ್ಲ. ಈ ಅಂತರವನ್ನು ಹಣದ ಕೊರತೆಯೊಂದೇ ವಿವರಿಸಲಾರದು. ಚಿತ್ರವನ್ನು ಪಠ್ಯವೆಂದು ಭಾವಿಸುವವರಿದ್ದಾರೆಯೇ ಇಲ್ಲವೇ ಎಂಬುದು ಅದರ ಮೂಲದಲ್ಲಿದೆ. ಪಠ್ಯವನ್ನು ಕಾಪಾಡುವುದು, ಪಾಠಾಂತರಗಳನ್ನು ಹೋಲಿಸುವುದು, ಟಿಪ್ಪಣಿ ಬರೆಯುವುದು ಭಾಷಾ ವಿಭಾಗಗಳ ಹಳೆಯ ಕಸುಬು. ಆ ಕಸುಬನ್ನು ಸಿನಿಮಾಕ್ಕೂ ವಿಸ್ತರಿಸಬೇಕಾದ ಕಾಲ ಬಂದಿದೆ.

ಮೊದಲು ಯೂರೋಪಿನ ಒಂದು ನಿದರ್ಶನ. ಮೈಕೆಲ್ ಪೊವೆಲ್ 1960ರಲ್ಲಿ ‘ಪೀಪಿಂಗ್ ಟಾಮ್’ ಎಂಬ ಚಿತ್ರವನ್ನು ಬ್ರಿಟನ್ನಿನಲ್ಲಿ ಬಿಡುಗಡೆ ಮಾಡಿದರು. ಹೆಂಗಸರನ್ನು ಕೊಲ್ಲುವಾಗಲೇ ಅವರ ಭಯವನ್ನು ಕ್ಯಾಮರಾದಲ್ಲಿ ಸೆರೆಹಿಡಿಯುವ ಯುವಕನೊಬ್ಬನ ಕಥೆ ಅದು. ಬಾಲ್ಯದಲ್ಲಿ ತಂದೆಯೇ ಅವನನ್ನು ಭಯದ ಪ್ರಯೋಗಗಳಿಗೆ ಒಳಪಡಿಸಿದ್ದನು. ವಿಮರ್ಶಕರು ಚಿತ್ರವನ್ನು ಹೊಲಸೆಂದು ಕರೆದು ತಿರಸ್ಕರಿಸಿದರು. ಪೊವೆಲ್ಲರ ವೃತ್ತಿಜೀವನಕ್ಕೆ ಅದರಿಂದ ಬಿದ್ದ ಪೆಟ್ಟು ಸಣ್ಣದಲ್ಲ. ಎರಡು ದಶಕಗಳ ನಂತರ, 1979ರಲ್ಲಿ, ಮಾರ್ಟಿನ್ ಸ್ಕಾರ್ಸೆಸೆಯವರ ಆಸಕ್ತಿಯಿಂದ ಅದು ನ್ಯೂಯಾರ್ಕ್ ಚಿತ್ರೋತ್ಸವದಲ್ಲಿ ಮತ್ತೆ ಬೆಳಕು ಕಂಡಿತು. ಆಮೇಲೆ ಡಿಸ್ಕುಗಳು ಬಂದವು. 2023ರಲ್ಲಿ ಮೂಲ ನೆಗೆಟಿವಿನ ಆಧಾರದ ಮೇಲೆ ಅದರ ಪುನರುದ್ಧಾರವೂ ನಡೆಯಿತು. ಒಂದು ಕಾಲದ ವಿಮರ್ಶೆಯ ತೀರ್ಪನ್ನು ಇನ್ನೊಂದು ಕಾಲದ ನೋಟ ಮರುಪರಿಶೀಲಿಸಿತು. ನೋಡಲು ಪ್ರತಿಯೇ ಉಳಿದಿರದಿದ್ದರೆ ಆ ಪರಿಶೀಲನೆಗೆ ಅವಕಾಶವೇ ಇರುತ್ತಿರಲಿಲ್ಲ.

ಈ ಪ್ರಕಾರದ ಚಿತ್ರಗಳಿಗೆ ಮನೆಯ ನೋಟ ವಿಶೇಷವಾಗಿ ಒಗ್ಗುವುದಕ್ಕೆ ಕಾರಣವಿದೆ. ಪತ್ತೇದಾರಿ ಕಥೆ ‘ಯಾರು’ ಎಂದು ಕೇಳುತ್ತದೆ. ಉತ್ತರ ತಿಳಿದ ಮೇಲೆ ಅದರ ಕುತೂಹಲ ತಣಿಯುತ್ತದೆ. ಮನೋವೈಜ್ಞಾನಿಕ ಥ್ರಿಲ್ಲರ್ ‘ಏಕೆ’ ಎಂದು ಕೇಳುತ್ತದೆ. ಅದರ ನಿಜವಾದ ಓದು ಉತ್ತರ ತಿಳಿದ ಮೇಲೆಯೇ ಆರಂಭವಾಗುತ್ತದೆ. ಆನ್ರಿ-ಜಾರ್ಜ್ ಕ್ಲೂಜೋ ಅವರ ‘ಲೆ ಜಾಬೊಲೀಕ್’ (1955) ಚಿತ್ರದಲ್ಲಿ ಕ್ರೂರಿಯಾದ ಶಾಲಾ ಮುಖ್ಯಸ್ಥನ ಹೆಂಡತಿಯೂ ಅವನ ಪ್ರೇಯಸಿಯೂ ಒಂದಾಗಿ ಅವನನ್ನು ಮುಗಿಸುವ ಸಂಚು ಹೂಡುತ್ತಾರೆ. ಆಮೇಲೆ ಶವವೇ ಕಾಣೆಯಾಗುತ್ತದೆ. ಕೊನೆಯನ್ನು ಗೆಳೆಯರಿಗೆ ಹೇಳಬೇಡಿರೆಂದು ಚಿತ್ರವೇ ಪ್ರೇಕ್ಷಕರನ್ನು ಕೇಳಿಕೊಳ್ಳುತ್ತದೆ. ಆ ಕೋರಿಕೆಗೆ ಇಲ್ಲಿಯೂ ಮನ್ನಣೆ ಸಲ್ಲಲಿ. ಆದರೆ ಕೊನೆಯನ್ನು ಬಲ್ಲವರು ಎರಡನೆಯ ಸಲ ನೋಡುವಾಗ ಬೇರೆಯೇ ಚಿತ್ರವನ್ನು ಕಾಣುತ್ತಾರೆ: ಆ ಇಬ್ಬರು ಹೆಂಗಸರ ಒಂದೊಂದು ನೋಟವೂ, ಒಂದೊಂದು ಮೌನವೂ ಅರ್ಥ ಬದಲಿಸಿರುತ್ತದೆ. ಹಿಂದಕ್ಕೆ ತಿರುಗಿಸಿ, ನಿಲ್ಲಿಸಿ, ಮತ್ತೆ ನೋಡುವ ಅವಕಾಶವನ್ನು ಸಾಮಾನ್ಯ ಪ್ರೇಕ್ಷಕನಿಗೆ ಮೊದಲು ಕೊಟ್ಟದ್ದು ಮನೆಯ ಕ್ಯಾಸೆಟ್ಟು, ಆಮೇಲೆ ಡಿಸ್ಕು. ಪುಸ್ತಕದ ಪುಟವನ್ನು ಹಿಂದಕ್ಕೆ ಮಗುಚುವ ಓದುಗನ ಸ್ವಾತಂತ್ರ್ಯ ಆಗ ಪ್ರೇಕ್ಷಕನಿಗೂ ದೊರೆಯಿತು.

ಇನ್ನು ತೇನಿಯತ್ತ ಬರೋಣ. ಪಶ್ಚಿಮ ಘಟ್ಟದ ಮಡಿಲಲ್ಲಿರುವ, 1895ರಲ್ಲಿ ಪೂರ್ಣಗೊಂಡ ಮುಲ್ಲೈಪೆರಿಯಾರ್ ಅಣೆಕಟ್ಟಿನ ನೀರು ಉಣ್ಣುವ ಕಂಬಂ ಕಣಿವೆಗೂ ಕನ್ನಡಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಸಿನಿಮಾದ ಇತಿಹಾಸವೇ ಒಂದು ಉತ್ತರ ಕೊಡುತ್ತದೆ. ತೇನಿಯ ಅಲ್ಲಿನಗರಂನಲ್ಲಿ ಹುಟ್ಟಿದ ಭಾರತಿರಾಜಾ ಚಿತ್ರರಂಗದ ಪಾಠ ಕಲಿತದ್ದು ಪುಟ್ಟಣ್ಣ ಕಣಗಾಲರ ಸಹಾಯಕರಾಗಿ. ಅವರ ಮೊದಲ ಚಿತ್ರ ‘16 ವಯದಿನಿಲೇ’ (1977) ತಮಿಳು ಹಳ್ಳಿಯ ಕಥೆಯಾದರೂ ಅದರ ಬಹುಪಾಲು ಚಿತ್ರೀಕರಣ ನಡೆದದ್ದು ಮೈಸೂರು, ಕೊಳ್ಳೇಗಾಲಗಳ ನೆಲದಲ್ಲಿ. ಅದೇ ಜಿಲ್ಲೆಯ ಪಣ್ಣೈಪುರದ ಇಳಯರಾಜಾ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮುನ್ನ ಕನ್ನಡದ ಜಿ. ಕೆ. ವೆಂಕಟೇಶರ ಬಳಿ ಸಹಾಯಕರಾಗಿ ದುಡಿದವರು. ತೇನಿಯ ಈ ಇಬ್ಬರು ಪ್ರತಿಭಾವಂತರು ಕನ್ನಡದ ಗರಡಿಯಲ್ಲಿ ಪಳಗಿದವರೆಂಬುದನ್ನು ಮರೆಯಲಾಗದು.

ಆ ಇಬ್ಬರೂ ಒಂದಾಗಿ 1978ರಲ್ಲಿ ‘ಸಿಗಪ್ಪು ರೋಜಾಕ್ಕಳ್’ ಚಿತ್ರವನ್ನು ಕೊಟ್ಟರು. ಹಳ್ಳಿಯ ಕಥೆಗಾರನೆಂದೇ ಹೆಸರಾಗುತ್ತಿದ್ದ ನಿರ್ದೇಶಕ ಥಟ್ಟನೆ ನಗರಕ್ಕೆ, ಅದೂ ಮನುಷ್ಯನ ಮನಸ್ಸಿನ ಕತ್ತಲ ಕೋಣೆಗೆ ಹೊಕ್ಕ ಚಿತ್ರ ಅದು. ಕಮಲ ಹಾಸನ್ ಅಭಿನಯಿಸಿದ ಕಥಾನಾಯಕ ಸಂಭಾವಿತ ಉದ್ಯಮಿ; ಒಳಗೆ ಹೆಂಗಸರನ್ನು ಕೊಲ್ಲುವ ರೋಗಿ. ಅವನ ಕೃತ್ಯಗಳು ಚಿತ್ರಿತವಾಗುತ್ತವೆ. ಅವನನ್ನು ಸಾಕಿದ ತಂದೆ ಅವನ್ನು ನೋಡಿ ಸುಖಿಸುತ್ತಾನೆ. ಕ್ಯಾಮರಾ, ಕೊಲೆ, ಮಗನ ಮನಸ್ಸನ್ನು ಹಾಳುಗೆಡವಿದ ತಂದೆ: ‘ಪೀಪಿಂಗ್ ಟಾಮ್’ ನೋಡಿದವರಿಗೆ ಈ ಮೂರರ ಜೋಡಣೆ ಕೂಡಲೇ ನೆನಪಾಗುತ್ತದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಬೇಕಾಗಿಲ್ಲ. ಎರಡು ದೂರದ ಸಮಾಜಗಳು ನೋಡುವ ಚಪಲವನ್ನೂ ಕೊಲ್ಲುವ ಚಪಲವನ್ನೂ ಒಂದೇ ಬಿಂಬದಲ್ಲಿ ಕಂಡವೆಂಬುದೇ ತೌಲನಿಕ ಅಧ್ಯಯನಕ್ಕೆ ಸಾಕಾದ ವಸ್ತು. ಎರಡು ವರ್ಷಗಳ ನಂತರ, 1980ರಲ್ಲಿ, ಬಾಲು ಮಹೇಂದ್ರರ ‘ಮೂಡುಪನಿ’ ಬಂದಿತು. ಅದು ಇಳಯರಾಜಾ ಸಂಗೀತದ ನೂರನೆಯ ಚಿತ್ರ. ಬಾಲು ಮಹೇಂದ್ರ ನಿರ್ದೇಶಕರಾಗಿ ಕಣ್ಣು ತೆರೆದದ್ದು 1977ರ ಕನ್ನಡ ಚಿತ್ರ ‘ಕೋಕಿಲ’ದಲ್ಲಿ, ಅದರ ನಾಯಕರೂ ಕಮಲ ಹಾಸನ್ ಅವರೇ. ‘ಕೋಕಿಲ’ದಲ್ಲಿಯೂ ‘ಮೂಡುಪನಿ’ಯಲ್ಲಿಯೂ ಅಭಿನಯಿಸಿದ ಶೋಭಾ, 1978ರಲ್ಲಿ ಕಾಶೀನಾಥರ ಕನ್ನಡ ಥ್ರಿಲ್ಲರ್ ‘ಅಪರಿಚಿತ’ದಲ್ಲಿಯೂ ಇದ್ದರು. ಗಡಿಯ ಎರಡೂ ಬದಿಗೆ ಇಷ್ಟು ಎಳೆಗಳು ಹೆಣೆದುಕೊಂಡಿರುವಾಗ ಇದನ್ನು ಕೇವಲ ತಮಿಳಿನ ಕಥೆಯೆಂದೋ ಕೇವಲ ಕನ್ನಡದ ಕಥೆಯೆಂದೋ ಬೇರ್ಪಡಿಸುವುದು ಸಾಧುವಲ್ಲ.

ಮನಸ್ಸಿನ ಒಳಗನ್ನು ತೋರಿಸುವ ವಿದ್ಯೆಯಲ್ಲಿ ಭಾರತಿರಾಜರ ಗುರು ಮೊದಲೇ ಒಂದು ಎತ್ತರ ಕಂಡಿದ್ದರು. ಪುಟ್ಟಣ್ಣನವರ ‘ಶರಪಂಜರ’ (1971) ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ್ದು. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಓದಿದ ತ್ರಿವೇಣಿ, ಹೆರಿಗೆಯ ನಂತರ ಮನಸ್ಸಿನ ಸಮತೋಲ ಕಳೆದುಕೊಂಡು, ಚಿಕಿತ್ಸೆ ಪಡೆದು ಮನೆಗೆ ಮರಳಿದ ಗೃಹಿಣಿಯನ್ನು ಮನೆಯವರೂ ನೆರೆಯವರೂ ಹೇಗೆ ನೋಡುತ್ತಾರೆಂಬುದನ್ನು ಕಥೆಯಾಗಿಸಿದರು. 1965ರಲ್ಲಿ ರೋಮನ್ ಪೊಲಾನ್ಸ್ಕಿ ‘ರಿಪಲ್ಷನ್’ ಚಿತ್ರದಲ್ಲಿ ಲಂಡನ್ನಿನ ಒಂದು ವಸತಿಯೊಳಗೆ ಒಬ್ಬಳೇ ಯುವತಿ ಕುಸಿಯುವುದನ್ನು ತೋರಿಸಿದ್ದರು. ಅಲ್ಲಿ ಗೋಡೆಗಳು ಬಿರಿಯುತ್ತವೆ, ಗೋಡೆಯಿಂದ ಕೈಗಳು ಚಾಚುತ್ತವೆ. ಭಯ ಅವಳ ತಲೆಯೊಳಗಿನದು. ‘ಶರಪಂಜರ’ದಲ್ಲಿ ಗೋಡೆಗಳು ಭದ್ರವಾಗಿಯೇ ಇವೆ, ಭಯ ಹುಟ್ಟಿಸುವುದು ಗುಣವಾಗಿ ಬಂದವಳನ್ನು ಹುಚ್ಚಿಯೆಂದೇ ಕಾಣುವ ಕಣ್ಣುಗಳು. ಯೂರೋಪು ಒಂಟಿತನವನ್ನು ರೋಗದ ಮನೆಯೆಂದು ಕಂಡರೆ, ಕನ್ನಡ ಕುಟುಂಬವನ್ನೇ ರೋಗದ ಮನೆಯೆಂದು ಕಂಡಿತು. ಥ್ರಿಲ್ಲರಿನ ಹಣೆಪಟ್ಟಿಯಿಲ್ಲದೆಯೇ ಅದರ ಗಾಢವಾದ ಪ್ರಶ್ನೆಯನ್ನು ಕೇಳಿದ ಈ ಚಿತ್ರವನ್ನು ‘ರಿಪಲ್ಷನ್’ ಪಕ್ಕದಲ್ಲಿಟ್ಟು ಓದಿಸುವ ತರಗತಿ ಯಾವ ವಿಶ್ವವಿದ್ಯಾಲಯಕ್ಕಾದರೂ ಶೋಭೆ.

ಆದರೆ ಪಕ್ಕದಲ್ಲಿಡುವುದು ಹೇಗೆ? ‘ರಿಪಲ್ಷನ್’ ಚಿತ್ರದ ಡಿಸ್ಕನ್ನು ತೆರೆದರೆ ಪುನರುದ್ಧಾರಗೊಂಡ ಬಿಂಬ, ಉಪಶೀರ್ಷಿಕೆ, ನಿರ್ದೇಶಕರ ವ್ಯಾಖ್ಯಾನ, ಪ್ರಬಂಧದ ಕಿರುಪುಸ್ತಿಕೆ ಎಲ್ಲವೂ ಸಿಗುತ್ತವೆ. 1984ರಲ್ಲಿ ಅಮೆರಿಕದಲ್ಲಿ ಲೇಸರ್ ಡಿಸ್ಕುಗಳೊಂದಿಗೆ ಆರಂಭವಾದ ಕ್ರೈಟೀರಿಯನ್, ಬ್ರಿಟನ್ನಿನ ಬಿ.ಎಫ್.ಐ., ಆರೋ ಮೊದಲಾದ ಪ್ರಕಾಶಕರು ಚಿತ್ರವನ್ನು ಸಂಪಾದಿತ ಗ್ರಂಥದಂತೆ ಹೊರತರುವ ಸಂಪ್ರದಾಯವನ್ನು ಬೆಳೆಸಿದರು. ಇಟಲಿಯ ದಾರಿಯೊ ಅರ್ಜೆಂಟೊ ಅವರ ‘ಪ್ರೊಫೊಂಡೊ ರೊಸ್ಸೊ’ (1975) ಹೊರದೇಶಗಳಿಗೆ ಹೋದಾಗ ಸುಮಾರು 20 ನಿಮಿಷಗಳಷ್ಟು ಕತ್ತರಿಗೆ ಸಿಕ್ಕಿತ್ತು. ಆ ಭಾಗಗಳು ಇಂಗ್ಲಿಷ್ ಬಲ್ಲ ಪ್ರೇಕ್ಷಕರಿಗೆ ಮರಳಿ ದೊರೆತದ್ದು ಮನೆಯ ಡಿಸ್ಕುಗಳಲ್ಲಿ. ಪಂಪ, ಕುಮಾರವ್ಯಾಸರ ಹಸ್ತಪ್ರತಿಗಳನ್ನು ಹೋಲಿಸಿ ಶುದ್ಧಪಾಠ ನಿರ್ಣಯಿಸಿದ ಪರಂಪರೆಯವರಿಗೆ ಇದು ಅಪರಿಚಿತ ಕೆಲಸವೇನಲ್ಲ; ತಾಳೆಗರಿಯ ಸ್ಥಾನದಲ್ಲಿ ಇಲ್ಲಿ ಸೆಲ್ಯುಲಾಯ್ಡ್ ಇದೆ, ಅಷ್ಟೆ. ಇಟಲಿಯವರು ಈ ಬಗೆಯ ಚಿತ್ರಗಳನ್ನು ‘ಜಾಲ್ಲೊ’, ಅಂದರೆ ಹಳದಿ, ಎಂದು ಕರೆಯುತ್ತಾರೆ. ಮೊಂಡಾಡೋರಿ ಪ್ರಕಾಶನ 1929ರಿಂದ ಹೊರತಂದ ಅಗ್ಗದ ಅಪರಾಧ ಕಾದಂಬರಿಗಳ ಹಳದಿ ರಕ್ಷಾಪುಟದಿಂದ ಬಂದ ಹೆಸರು ಅದು. ಅಗ್ಗದ ಪುಸ್ತಕದಿಂದ ಹುಟ್ಟಿದ ಚಿತ್ರಕ್ಕೂ ಅಲ್ಲಿ ವಿದ್ವತ್ತಿನ ಗೌರವ ಸಂದಿದೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದಿ ಅಕ್ಷರದ ರುಚಿ ಹತ್ತಿಸಿಕೊಂಡ ತಲೆಮಾರುಗಳು ಕನ್ನಡದಲ್ಲಿಯೂ ಇವೆ; ಆ ಗೌರವ ಮಾತ್ರ ಇಲ್ಲಿ ಇನ್ನೂ ಸಲ್ಲಬೇಕಾಗಿದೆ.

ಇಲ್ಲಿ ಮನೆಯ ಸಿನಿಮಾದ ಇತಿಹಾಸ ಬೇರೆಯೇ ಹಾದಿಯಲ್ಲಿ ನಡೆಯಿತು. ಟಿ.ವಿ.ಯನ್ನೂ ಡೆಕ್ಕನ್ನೂ ಒಂದು ರಾತ್ರಿಗೆ ಬಾಡಿಗೆಗೆ ತಂದು ಬೀದಿಯವರೆಲ್ಲ ಕೂಡಿ ಬೆಳಗಿನವರೆಗೆ ಮೂರು ನಾಲ್ಕು ಚಿತ್ರ ನೋಡುತ್ತಿದ್ದ ಕಾಲವೊಂದಿತ್ತು. ಆಮೇಲೆ ವಿಸಿಡಿ ಬಂದಿತು. ಅದರ ಬಿಂಬದ ಅಳತೆ ಕೇವಲ 352×288 ಬಿಂದುಗಳು. ಒಂದು ತಟ್ಟೆಯಲ್ಲಿ ಹಿಡಿಯುವುದು ಸುಮಾರು 74 ನಿಮಿಷ. ಚಿತ್ರ ಎರಡು ಮೂರು ತಟ್ಟೆಗಳಾಗಿ ಒಡೆಯುತ್ತಿತ್ತು. ಕುತೂಹಲದ ತುದಿಯಲ್ಲಿಯೇ ತಟ್ಟೆ ಬದಲಿಸಬೇಕಾಗುತ್ತಿತ್ತು. ಬೇಕಾದಾಗ ತೋರಿಸಿ ಬೇಡವಾದಾಗ ಮರೆಮಾಡುವ ಉಪಶೀರ್ಷಿಕೆಗೆ ಅದರಲ್ಲಿ ಸ್ಥಳವೇ ಇರಲಿಲ್ಲ. ನೆರಳು ಬೆಳಕಿನ ಸೂಕ್ಷ್ಮದಲ್ಲಿಯೇ ಪ್ರಾಣವಿರುವ ‘ಮೂಡುಪನಿ’ಯಂಥ ಚಿತ್ರವನ್ನು ಆ ಬಿಂಬದಲ್ಲಿ ನೋಡುವುದೆಂದರೆ ಶಿಲ್ಪವನ್ನು ಗೋಣಿಚೀಲದ ಮೇಲಿಂದ ತಡವಿದಂತೆ. ಡಿವಿಡಿಯಲ್ಲಿ 32 ಉಪಶೀರ್ಷಿಕೆಗಳಿಗೂ 8 ಧ್ವನಿಪಥಗಳಿಗೂ ಅವಕಾಶವಿತ್ತು. 2007ರಲ್ಲಿ ಮೋಸರ್ ಬೇರ್ ಸಂಸ್ಥೆ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ ಬಡವರ ಮನೆಗೂ ಅಧಿಕೃತ ಪ್ರತಿ ತಲುಪಿತು. ಅದೇ ಸುಮಾರಿಗೆ ಪಲಾಡೋರ್, ಎನ್‌ಡಿಟಿವಿ ಲುಮಿಯೇರ್ ಮೊದಲಾದ ಸಂಸ್ಥೆಗಳು ಯೂರೋಪಿನ ಚಿತ್ರಗಳನ್ನು ಭಾರತದಲ್ಲಿಯೇ ಡಿಸ್ಕಾಗಿ ಹೊರತಂದವು. ಆ ಬಾಗಿಲು ಬಹುಕಾಲ ತೆರೆದಿರಲಿಲ್ಲ. 2018ರ ಹೊತ್ತಿಗೆ ಮೋಸರ್ ಬೇರ್ ಸಂಸ್ಥೆಯೇ ದಿವಾಳಿಯಾಗಿ ಸಮಾಪನಕ್ಕೆ ಹೋಯಿತು. 34 ರೂಪಾಯಿಯ ಡಿಸ್ಕು ಸಿನಿಮಾವನ್ನು ಮನೆಗೆ ತಂದಿತೇ ಹೊರತು ಅದರ ಮೂಲ ಪ್ರತಿಯ ಆರೈಕೆಗೆ ಬೇಕಾದ ಹಣವನ್ನು ತರಲಿಲ್ಲ.

ಈಗ ಡಿಸ್ಕಿನ ಕಾಲವೇ ಮುಗಿಯಿತಲ್ಲ, ಎಲ್ಲವೂ ಅಂತರಜಾಲದಲ್ಲಿದೆಯಲ್ಲ ಎಂಬ ವಾದವಿದೆ. ಅದರಲ್ಲಿ ಅರ್ಧ ಸತ್ಯವಿದೆ. ಅಂಚೆಯಲ್ಲಿ ಡಿವಿಡಿ ಕಳಿಸುವುದರಿಂದಲೇ ಬೆಳೆದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ಆ ಸೇವೆಯನ್ನು ನಿಲ್ಲಿಸಿತು. ಆದರೆ ಅಂತರಜಾಲದ ವೇದಿಕೆಯಲ್ಲಿ ಪ್ರೇಕ್ಷಕ ಕೊಳ್ಳುವುದು ಚಿತ್ರವನ್ನಲ್ಲ, ನೋಡುವ ಅನುಮತಿಯನ್ನು. ಪರವಾನಗಿಯ ಅವಧಿ ತೀರಿದ ದಿನ ಚಿತ್ರ ಕಣ್ಮರೆಯಾಗುತ್ತದೆ. ಈ ಸೆಮಿಸ್ಟರಿನ ಪಾಠಕ್ಕೆ ಇದ್ದ ಚಿತ್ರ ಮುಂದಿನ ಸೆಮಿಸ್ಟರಿಗೆ ಇರುತ್ತದೆಂದು ಯಾವ ಅಧ್ಯಾಪಕನೂ ಹೇಳಲಾರ. ಉಚಿತವಾಗಿ ಸಿಗುವ ಹಳೆಯ ಚಿತ್ರಗಳ ಪ್ರತಿಗಳಲ್ಲಿಯೋ ಮೂಲೆಯಲ್ಲಿ ವಾಹಿನಿಯ ಮುದ್ರೆ, ಕತ್ತರಿಸಿದ ಹಾಡು, ಅಗಲಕ್ಕೆಳೆದ ಮುಖಗಳು. ಅಂಥ ಪ್ರತಿಯನ್ನು ಪಠ್ಯವೆಂದು ಒಪ್ಪುವುದು, ಪುಟಗಳು ಹರಿದುಹೋದ ಪುಸ್ತಕವನ್ನು ಅಧಿಕೃತ ಆವೃತ್ತಿಯೆಂದು ಗ್ರಂಥಾಲಯದಲ್ಲಿ ಇಟ್ಟಂತೆ.

ಅಳಿವು ಕೇವಲ ಊಹೆಯ ಮಾತಲ್ಲ. ತಮ್ಮ ಕೆಲವು ಚಿತ್ರಗಳ ನೆಗೆಟಿವುಗಳೇ ಉಳಿದಿಲ್ಲವೆಂದು 2014ರಲ್ಲಿ ತೀರಿಕೊಂಡ ಬಾಲು ಮಹೇಂದ್ರ ಬದುಕಿದ್ದಾಗಲೇ ನೋವಿನಿಂದ ಹೇಳಿಕೊಂಡಿದ್ದರು. ಇನ್ನೊಂದೆಡೆ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತಿತರರ ಶ್ರಮದಿಂದ ಪುನರುದ್ಧಾರಗೊಂಡು 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅಂದರೆ ಮನಸ್ಸು ಮಾಡಿದರೆ ಕನ್ನಡ ಚಿತ್ರಕ್ಕೂ ಆ ಭಾಗ್ಯ ಅಸಾಧ್ಯವಲ್ಲ. ಆದರೆ ಉತ್ಸವದ ಗೌರವ ಪಡೆದ ಕಲಾತ್ಮಕ ಚಿತ್ರಕ್ಕೆ ಮಾತ್ರ ಅದು ಮೀಸಲಾಗಬಾರದು. ಜನರು ದುಡ್ಡು ಕೊಟ್ಟು ನೋಡಿ ಹೆದರಿದ ಚಿತ್ರಗಳೂ ಒಂದು ಕಾಲದ ಮನಸ್ಸಿನ ದಾಖಲೆಗಳೇ.

ಕಾಲದ ಲೆಕ್ಕವನ್ನೂ ಇಲ್ಲಿ ಗಮನಿಸಬೇಕು. ಭಾರತದ ಕಾನೂನಿನಂತೆ ಚಲನಚಿತ್ರದ ಕೃತಿಸ್ವಾಮ್ಯ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. ‘ಶರಪಂಜರ’ದ ಹಕ್ಕು 2031ರ ಕೊನೆಗೆ ತೀರುತ್ತದೆ, ‘ಸಿಗಪ್ಪು ರೋಜಾಕ್ಕಳ್’ನದು 2038ರ ಕೊನೆಗೆ, ಹಾಡುಗಳ ಸಾಹಿತ್ಯ, ಸಂಗೀತಗಳ ಹಕ್ಕು ಬೇರೆ. ಲೇಖಕರ ವಿಷಯದಲ್ಲಿ ಮರಣದ ನಂತರ 60 ವರ್ಷ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಬದುಕಿದ್ದ ಕಾಲದ ಕೃತಿಗಳು 2024ರಿಂದ ಸಾರ್ವಜನಿಕ ಸ್ವತ್ತಾಗಿವೆ. ಕಾನೂನು ತನ್ನ ಬೀಗವನ್ನು ತಾನೇ ತೆರೆಯುವ ದಿನಗಳು ಹೀಗೆ ಒಂದೊಂದಾಗಿ ಬರುತ್ತಿವೆ. ಆದರೆ ಬೀಗ ತೆರೆದಾಗ ಪೆಟ್ಟಿಗೆಯೊಳಗೆ ಕೊಳೆತ ಸುರುಳಿಯಿದ್ದರೆ ಆ ಸ್ವಾತಂತ್ರ್ಯದಿಂದ ಯಾರಿಗೆ ಪ್ರಯೋಜನ?

ಈಗ ಭಾಷೆಯ ಮಾತು. ಯೂರೋಪಿನ ಚಿತ್ರಗಳು ಭಾರತಕ್ಕೆ ಬರುವುದು ಇಂಗ್ಲಿಷ್ ಉಪಶೀರ್ಷಿಕೆಯ ಮೂಲಕ. ಈ ಹಾದಿಯಲ್ಲಿ ಕಳೆದುಹೋಗುವುದೇನೆಂಬುದನ್ನು ಕನ್ನಡಿಗ ಬಹು ಚೆನ್ನಾಗಿ ಅರಿಯಬಲ್ಲ. ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳಲ್ಲಿ ‘ನೀನು’, ‘ನೀವು’ ಎಂಬ ಭೇದವಿದೆ, ಇಂದಿನ ಇಂಗ್ಲಿಷಿನಲ್ಲಿಲ್ಲ. ಹೆದರಿಸುವವನು ‘ನೀವು’ ಬಿಟ್ಟು ‘ನೀನು’ ಹಿಡಿಯುವ ಕ್ಷಣವೇ ಎಷ್ಟೋ ಸಲ ದೃಶ್ಯದ ತಿರುವು. ಇಂಗ್ಲಿಷ್ ಉಪಶೀರ್ಷಿಕೆಯಲ್ಲಿ ಆ ತಿರುವು ಅಳಿಸಿಹೋಗುತ್ತದೆ. ಕನ್ನಡದಲ್ಲಿ ಅದು ಅನಾಯಾಸವಾಗಿ ಉಳಿಯುತ್ತದೆ. ಮೂಲದಿಂದ ನೇರವಾಗಿ ಕನ್ನಡಕ್ಕೆ ಬಂದ ಉಪಶೀರ್ಷಿಕೆ ಈ ವಿಷಯದಲ್ಲಿ ಇಂಗ್ಲಿಷಿಗಿಂತ ಮೂಲಕ್ಕೆ ಹತ್ತಿರ.

ಕನ್ನಡದ ತೊಡಕುಗಳೂ ಅಷ್ಟೇ ಸ್ವಾರಸ್ಯಕರ. ಕೊಲೆಗಾರ ಗಂಡೋ ಹೆಣ್ಣೋ ಎಂಬುದನ್ನೇ ಮುಚ್ಚಿಟ್ಟ ಕಥೆಯಲ್ಲಿ ಕನ್ನಡದ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ: ‘ಬಂದನು’ ಎಂದರೂ ಕೆಟ್ಟಿತು, ‘ಬಂದಳು’ ಎಂದರೂ ಕೆಟ್ಟಿತು. ‘ಯಾರೋ ಬಂದಿದ್ದಾರೆ’ ಎಂಬ ಬಹುವಚನವೇ ಅಲ್ಲಿ ಅನುವಾದಕನ ಆಸರೆ. ಇನ್ನು ವಾಕ್ಯದ ಕ್ರಮ. ‘ಆ ರಾತ್ರಿ ಅವನು ಆ ಮನೆಯಲ್ಲಿ ಇರಲಿಲ್ಲ’ ಎಂಬಲ್ಲಿ ಇದ್ದನೋ ಇಲ್ಲವೋ ಎಂಬುದು ಕೊನೆಯ ಪದದವರೆಗೆ ತಿಳಿಯದು. ಥ್ರಿಲ್ಲರಿಗೆ ಇದು ವರವೂ ಹೌದು, ಅಪಾಯವೂ ಹೌದು. ನಟಿಯ ಮುಖದಲ್ಲಿ ಬೆಚ್ಚುವಿಕೆ ಮೂಡುವ ಹೊತ್ತಿಗೇ ಆ ಕೊನೆಯ ಪದ ಪರದೆಯ ಮೇಲೆ ಬರಬೇಕು; ಒಂದು ಕ್ಷಣ ಮುಂಚೆ ಬಂದರೆ ರಹಸ್ಯ ಸೋರಿತು, ಒಂದು ಕ್ಷಣ ತಡವಾದರೆ ಮುಖಭಾವ ವ್ಯರ್ಥವಾಯಿತು. ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕು; ಪ್ರತ್ಯಯಗಳು ಸೇರಿ ಪದ ಉದ್ದವಾಗುತ್ತದೆ; ಎರಡು ಸಾಲಿನಲ್ಲಿ, ಆರೇಳು ಸೆಕೆಂಡಿನೊಳಗೆ ಓದಿ ಮುಗಿಯಬೇಕು. ಅರ್ಥ ಕೆಡದಂತೆ ಅಡಕವಾಗಿ ಬರೆಯುವ ಶಿಸ್ತು ಇದಕ್ಕಿಂತ ಚೆನ್ನಾಗಿ ಬೇರೆಲ್ಲಿ ಕಲಿಯಲು ಸಿಗುತ್ತದೆ? ಭಾಷಾಂತರ ಪತ್ರಿಕೆಯ ಅಭ್ಯಾಸಕ್ಕೆ ಹತ್ತು ನಿಮಿಷದ ಒಂದು ದೃಶ್ಯ ಸಾಕು.

ಈ ಕೆಲಸದ ಫಲ ಎಲ್ಲರಿಗಿಂತ ಹೆಚ್ಚಾಗಿ ಸಲ್ಲಬೇಕಾದದ್ದು ಕಂಬಂ ಕಣಿವೆಯಂಥ ಎಡೆಗಳಿಗೆ. ಕಂಬಂ, ಬೋಡಿನಾಯಕನೂರುಗಳ ಸುತ್ತ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಒಕ್ಕಲಿಗ ಸಮುದಾಯವಿದೆ. ತಮಿಳರು ಅವರನ್ನು ಕಾಪ್ಪಿಲಿಯರ್ ಎನ್ನುತ್ತಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿಯೇ ತಮ್ಮ ಬೃಹತ್ ಗ್ರಂಥದಲ್ಲಿ ಅವರನ್ನು ಕನ್ನಡ ಮಾತನಾಡುವ ಕೃಷಿಕರೆಂದು ದಾಖಲಿಸಿದ್ದಾರೆ. ಕಂಬಂನ ನಂದಗೋಪಾಲಸ್ವಾಮಿ ಗುಡಿಯಲ್ಲಿ ‘ತಂಬಿರಾನ್ ಮಾಡು’ ಎಂಬ ದೇವರ ದನಗಳ ಹಿಂಡನ್ನು ಅವರು ಇಂದಿಗೂ ಸಾಕುತ್ತಾರೆ. ದಿಂಡಿಗಲ್ ಜಿಲ್ಲೆಯ ಚಿನ್ನಾಳಪಟ್ಟಿಯ ಕಡೆ ನೇಯ್ಗೆಯ ದೇವಾಂಗ ಮನೆತನಗಳಿವೆ. ತಲೆಮಾರುಗಳಿಂದ ಕನ್ನಡ ಅಲ್ಲಿ ನಾಲಗೆಯ ಮೇಲಿದೆ. ಮಕ್ಕಳ ಓದು ಬರಹ ತಮಿಳಿನಲ್ಲಿ. ಕನ್ನಡ ಲಿಪಿ ಅವರಿಗೆ ಅಪರಿಚಿತ. ಕೇಳಿದರೆ ಅರ್ಥವಾಗುವ, ಕಂಡರೆ ಓದಲಾಗದ ಭಾಷೆ ಅದು.

ಇಂಥ ಸ್ಥಿತಿಗೆ ಪರೀಕ್ಷಿತವಾದ ಒಂದು ಮದ್ದು ಇದೆ. ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿಯವರು 1996ರಲ್ಲಿ ರೂಪಿಸಿದ ‘ಅದೇ ಭಾಷೆಯ ಉಪಶೀರ್ಷಿಕೆ’ಯ ಯೋಜನೆ 1999ರಲ್ಲಿ ಗುಜರಾತಿ ಚಿತ್ರಗೀತೆಗಳ ಮೂಲಕ ದೂರದರ್ಶನಕ್ಕೆ ಬಂದಿತು. ಹಾಡುವ ಮಾತೇ ಕೆಳಗೆ ಅಕ್ಷರವಾಗಿ ಮೂಡಿದರೆ, ಕಿವಿ ಬಲ್ಲದ್ದನ್ನು ಕಣ್ಣು ತಾನಾಗಿಯೇ ಕಲಿಯುತ್ತದೆಂಬುದು ಅದರ ತತ್ತ್ವ. ‘ಶರಪಂಜರ’ದ ಒಂದು ಒಳ್ಳೆಯ ಪ್ರತಿಗೆ ಕನ್ನಡದಲ್ಲಿಯೇ ಉಪಶೀರ್ಷಿಕೆ ಹಾಕಿದರೆ ಅದು ಕಿವುಡರಿಗೆ ಸಿನಿಮಾ, ಕಂಬಂನ ಮಗುವಿಗೆ ಓನಾಮ. ಅದೇ ಪ್ರತಿಯಲ್ಲಿ ತಮಿಳು ಉಪಶೀರ್ಷಿಕೆಯೂ ಇದ್ದರೆ ಪುಟ್ಟಣ್ಣನವರಿಂದ ಭಾರತಿರಾಜರು ಕಲಿತದ್ದೇನೆಂಬುದನ್ನು ತೇನಿಯ ತಮಿಳು ಪ್ರೇಕ್ಷಕರೂ ಕಾಣಬಹುದು. 32 ಉಪಶೀರ್ಷಿಕೆಗಳಿಗೆ ಜಾಗವಿದ್ದ ತಟ್ಟೆಯಲ್ಲಿ ಕನ್ನಡಕ್ಕೆ ಒಂದು ಜಾಗ ಸಿಗಲಿಲ್ಲವೆಂದರೆ ಅದಕ್ಕೆ ತಂತ್ರಜ್ಞಾನವನ್ನು ದೂಷಿಸುವಂತಿಲ್ಲ.

ಒಂದು ಗಂಭೀರವಾದ ಆಕ್ಷೇಪ ಉಳಿದಿದೆ. ಹೆಣ್ಣನ್ನು ಹಿಂಸಿಸುವುದನ್ನೇ ದೃಶ್ಯವಾಗಿಸುವ ಚಿತ್ರಗಳನ್ನು ಜೋಪಾನ ಮಾಡಿ ಮುಂದಿನವರ ಕೈಗೆ ಕೊಡಬೇಕೇ? ‘ಸಿಗಪ್ಪು ರೋಜಾಕ್ಕಳ್’ ತನ್ನ ಕೊಲೆಗಾರನ ರೋಗಕ್ಕೆ ಹೆಂಗಸರನ್ನೇ ಕಾರಣವಾಗಿಸುವ ಜಾಡಿನಲ್ಲಿ ಸಾಗುತ್ತದೆಂಬ ಟೀಕೆಯನ್ನು ತಳ್ಳಿಹಾಕಲಾಗದು. ‘ರಿಪಲ್ಷನ್’ ಚಿತ್ರವನ್ನು ಅದರ ನಿರ್ದೇಶಕರ ಅಪರಾಧ ಪ್ರಕರಣವನ್ನು ಮರೆತು ನೋಡುವುದೂ ಸುಲಭವಲ್ಲ. ಆದರೆ ಮರೆಯಾದ ಚಿತ್ರವನ್ನು ಯಾರೂ ವಿಮರ್ಶಿಸಲಾರರು. ಅದು ಕೇವಲ ದಂತಕಥೆಯಾಗಿ ಹೊಳಪು ಪಡೆಯುತ್ತದೆ. ಯೂರೋಪಿನ ಒಳ್ಳೆಯ ಡಿಸ್ಕುಗಳು ಚಿತ್ರದ ಜೊತೆಗೇ ಅದನ್ನು ಪ್ರಶ್ನಿಸುವ ಪ್ರಬಂಧವನ್ನೂ ಇಡುತ್ತವೆ. ಮೈಕೆಲ್ ಹನೆಕೆ ‘ಫನ್ನಿ ಗೇಮ್ಸ್’ (1997) ಚಿತ್ರದಲ್ಲಿ ಹಿಂಸೆಯನ್ನು ನೋಡಲು ಬಂದ ಪ್ರೇಕ್ಷಕನನ್ನೇ ಕಟಕಟೆಗೆ ನಿಲ್ಲಿಸಿದರು. ‘ಕಾಶೆ’ (2005) ಚಿತ್ರದಲ್ಲಿ ಸುಖಸಂಸಾರವೊಂದರ ಹೊಸ್ತಿಲಿಗೆ ಬಂದು ಬೀಳುವ ವೀಡಿಯೋ ಕ್ಯಾಸೆಟ್ಟುಗಳ ಮೂಲಕ ಒಂದು ಮನೆಯ, ಒಂದು ದೇಶದ ಮರೆತ ಪಾಪವನ್ನು ಹೊರಗೆಳೆದರು. ಮರೆತದ್ದನ್ನು ಮತ್ತೆ ನೋಡುವಂತೆ ಮಾಡುವ ಶಕ್ತಿಯೂ ಈ ಪ್ರಕಾರಕ್ಕಿದೆ. ಆ ಶಕ್ತಿಯನ್ನು ಈ ಪ್ರಕಾರದ ಮೇಲೆಯೇ ತಿರುಗಿಸಲು ತರಗತಿಗಿಂತ ತಕ್ಕ ಜಾಗವಿಲ್ಲ.

ಕನ್ನಡ ವಿಭಾಗಗಳು ಮಾಡಬಹುದಾದದ್ದು ಅಸಾಧ್ಯವಾದದ್ದೇನೂ ಅಲ್ಲ. ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಂ ಶಿಕ್ಷಣ ಸಂಸ್ಥೆಯೊಳಗೆ ವಿದ್ಯಾರ್ಥಿಗಳು, ಅಧ್ಯಾಪಕರು, ಪೋಷಕರಿಗೆ ಸೀಮಿತವಾಗಿ ಚಿತ್ರ ತೋರಿಸಲು ಅವಕಾಶ ಕೊಡುತ್ತದೆ. ನಕಲಿ ಪ್ರತಿಗಳ ದಂಧೆಯವರನ್ನು 2004ರಲ್ಲಿ ಗೂಂಡಾ ಕಾಯಿದೆಯ ಅಡಿಗೆ ತಂದ ತಮಿಳುನಾಡಿನಲ್ಲಿಯೂ ಈ ಬಾಗಿಲು ತೆರೆದೇ ಇದೆ. ವರ್ಷಕ್ಕೆ ಎರಡು ಚಿತ್ರ, ಒಂದು ಯೂರೋಪಿನದು, ಒಂದು ಈ ನೆಲದ್ದು, ಜೊತೆಜೊತೆಗೆ ನೋಡಿ ಚರ್ಚಿಸಲಿ. ಅಧಿಕೃತ ಡಿಸ್ಕನ್ನೇ ಗ್ರಂಥಾಲಯ ಕೊಂಡು ಪುಸ್ತಕದಂತೆ ದಾಖಲಿಸಲಿ. ಈಗಿನ 4ಕೆ ಬ್ಲೂ-ರೇ ಡಿಸ್ಕುಗಳಲ್ಲಿ ವಲಯದ ಬೀಗವೂ ಇಲ್ಲ. ಹಕ್ಕುದಾರರ ಒಪ್ಪಿಗೆ ಪಡೆದು ಸ್ನಾತಕೋತ್ತರ ವಿದ್ಯಾರ್ಥಿಗಳು ಕಿರುಪ್ರಬಂಧದ ಬದಲು ಒಂದು ಚಿತ್ರಕ್ಕೆ ಟಿಪ್ಪಣಿ ಸಹಿತ ಉಪಶೀರ್ಷಿಕೆ ಸಿದ್ಧಪಡಿಸಲಿ. ಹಳೆಯ ಪ್ರದರ್ಶಕರ, ಕ್ಯಾಸೆಟ್ ಅಂಗಡಿಯವರ ನೆನಪುಗಳನ್ನು ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಲಿ. ಯಾರ ಮನೆಯ ಅಟ್ಟದಲ್ಲಿ ಯಾವ ಪ್ರತಿ ಉಳಿದಿದೆಯೋ ಅದು ಆಗಲೇ ತಿಳಿಯುವುದು.

2031ಕ್ಕೆ ಇನ್ನು ಬಹಳ ದಿನಗಳಿಲ್ಲ. ಅಷ್ಟರೊಳಗೆ ಒಂದು ವಿಭಾಗ ಒಂದು ಚಿತ್ರದ ಕನ್ನಡ ಉಪಶೀರ್ಷಿಕೆಯನ್ನಾದರೂ ಸಿದ್ಧವಾಗಿ ಇಟ್ಟುಕೊಂಡಿದ್ದರೆ, ಹಕ್ಕಿನ ಬೀಗ ತೆರೆಯುವ ದಿನ ಕಂಬಂನ ಮನೆಯೊಂದರಲ್ಲಿ ಅಜ್ಜಿ ಕೇಳಿಯೇ ಬಲ್ಲ ಮಾತನ್ನು ಮೊಮ್ಮಗಳು ಕೂಡಿಸಿ ಕೂಡಿಸಿ ಓದಿಯಾಳು. ಅದಕ್ಕೆ ಬೇಕಾದದ್ದು ದೊಡ್ಡ ಅನುದಾನವಲ್ಲ. ಒಂದು ಒಳ್ಳೆಯ ಪ್ರತಿ, ನಾಲ್ಕು ಜನ ವಿದ್ಯಾರ್ಥಿಗಳು, ಒಂದು ಸೆಮಿಸ್ಟರು.